ಹಬ್ಬದ ಮರುದಿನ ಏಳದ ಮೈ

ಹಬ್ಬ ಹತ್ತಿರ ಬಂತೆಂದರೆ ಎಲ್ಲರಿಗೂ ಸಂಭ್ರಮ, ನನಗೆ ಚಿಂತೆ. ಹಬ್ಬದ ದಿನದ ಚಿಂತೆಯಲ್ಲ ಅದು, ಅದರ ಮರುದಿನದ್ದು. ಮದುವೆಯಾದ ಮೊದಲ ಮೂರು ವರ್ಷ ನಾನು ಎಷ್ಟೋ ಹಬ್ಬದ ಮರುದಿನಗಳನ್ನು ಚನ್ನಗಿರಿಯ ನಮ್ಮ ನಡುಮನೆಯಲ್ಲಿ ಅಂಗಾತ ಮಲಗಿ, ಮೇಲಿನ ತೊಲೆ ನೋಡುತ್ತ ಕಳೆದಿದ್ದೇನೆ. ಒಟ್ಟು ಏಳು ತೊಲೆಗಳು. ಮೂರನೆಯದಕ್ಕೆ ಗೆದ್ದಲು ಹತ್ತಿದ್ದನ್ನು ಮನೆಯಲ್ಲಿ ಮೊದಲು ಕಂಡವಳು ನಾನೇ. ಹೇಳಿದರೆ, ಮಲಗಿದವಳಿಗೆ ಇನ್ನೇನು ಕೆಲಸ ಎಂದರು.

ಈಗ ನನ್ನ ಕಾಯಿಲೆಗೆ ಹೆಸರಿದೆ, ಔಷಧಿಯಿದೆ. ನಾನೂ ಅದೂ ಒಂದು ರಾಜಿಗೆ ಬಂದಿದ್ದೇವೆ. ಆದರೂ ಬರೆಯುತ್ತಿದ್ದೇನೆ. ಜ್ವರ ಬಂದವರನ್ನು ಜನ ನಂಬುತ್ತಾರೆ, ಮುಟ್ಟಿದರೆ ಮೈ ಸುಡುತ್ತದೆ. ಮುರಿದ ಕಾಲನ್ನು ನಂಬುತ್ತಾರೆ. ಬೆಳಗ್ಗೆ ಬೆರಳೂ ಆಡಿಸಲಾಗದೆ ಬಿದ್ದಿದ್ದು ಮಧ್ಯಾಹ್ನ ಎದ್ದು ರೊಟ್ಟಿ ತಟ್ಟುವವಳನ್ನು ಯಾರು ನಂಬುತ್ತಾರೆ? ನನ್ನಂಥವರು ಒಬ್ಬರು ಎಲ್ಲಾದರೂ ತೊಲೆ ನೋಡುತ್ತ ಮಲಗಿದ್ದರೆ, ಅವರ ಮನೆಯವರು ಇದನ್ನು ಓದಲಿ ಎಂಬ ಆಸೆ.

ನನ್ನ ತವರು ನ್ಯಾಮತಿ. ಅಪ್ಪ ಅಲ್ಲಿ ದರ್ಜಿ. ಅವರ ಪಕ್ಕ ಕೂತು ಕಾಜಾ ಹೊಲಿಯುವುದರಿಂದ ಶುರುಮಾಡಿ ಮಷಿನ್ ತುಳಿಯುವವರೆಗೆ ನಾನೂ ಕಲಿತೆ. ಗುಂಡಿ ತೂರುವ ಸೀಳಿನ ಸುತ್ತ ಕೈಯಲ್ಲಿ ದಾರ ಕಟ್ಟುವುದಕ್ಕೆ ಕಾಜಾ ಎನ್ನುತ್ತಾರೆ. ನೋಡಲು ಸುಲಭ, ಆದರೆ ಒಂದೆಳೆ ಹೆಚ್ಚು ಬಿಗಿದರೂ ಗುಂಡಿ ಸಿಕ್ಕಿಕೊಳ್ಳುತ್ತದೆ. ಹಬ್ಬದ ಮುಂಚೆ ದರ್ಜಿಯ ಮನೆಯಲ್ಲಿ ಎಲ್ಲರಿಗೂ ಬಿಡುವಿಲ್ಲದ ಕೆಲಸ. ಅಪ್ಪ ಹಬ್ಬದ ಮರುದಿನ ಮಾತ್ರ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ, ಕಾಲು ಹಿಡಿದುಕೊಂಡಿದೆ ಎನ್ನುತ್ತಿದ್ದರು. ದುಡಿದ ಮೈ, ಮಲಗಲಿ ಎಂದು ಅವ್ವ ನಮ್ಮನ್ನು ಆಚೆ ಆಡಲು ಕಳಿಸುತ್ತಿದ್ದಳು. ಅಪ್ಪನಿಗೆ ಬಂದಾಗ ಅದು ದಣಿವು. ಸೊಸೆಯಾದ ನನಗೆ ಬಂದಾಗ ಅದಕ್ಕೆ ಬೇರೆ ಹೆಸರಿಟ್ಟರು.

ನನ್ನನ್ನು ಚನ್ನಗಿರಿಗೆ ಕೊಟ್ಟರು. ಯಜಮಾನರು ಅಡಕೆ ಮಂಡಿಯಲ್ಲಿ ತೂಕದ ಗುಮಾಸ್ತರು. ಮನೆಯಲ್ಲಿ ಅವರು, ನಾನು, ನಮ್ಮತ್ತೆ ಗೌರಮ್ಮ, ಮೂವರೇ. ಅತ್ತೆ ಗಟ್ಟಿ ಹೆಂಗಸು. ಅವರಿಗೆ ಎರಡು ಕಟ್ಟುಪಾಡುಗಳಿದ್ದವು. ಬೆಳಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಯಾರೂ ಬಾಯಿಗೆ ನೀರೂ ಹಾಕುವಂತಿಲ್ಲ. ಇನ್ನೊಂದು, ತಟ್ಟೆಗೆ ಬಡಿಸಿದ್ದೆಲ್ಲ ಪ್ರಸಾದ, ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ ಬೆರಳಲ್ಲಿ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ನಾವೂ ಕುಡಿಯಬೇಕಿತ್ತು.

ಮೊದಲ ಸಲ ಆದದ್ದು ಯುಗಾದಿಯ ಮರುದಿನ. ಬೀದಿಯ ಹೆಣ್ಣುಮಕ್ಕಳ ರವಿಕೆ, ಲಂಗವೆಲ್ಲ ನನ್ನ ಮಷಿನ್ ಮೇಲೆ ಬಿದ್ದಿದ್ದವು. ಹತ್ತು ದಿನ ಒಂದೇ ಸಮನೆ ತುಳಿದಿದ್ದೆ. ಹಬ್ಬದ ದಿನ ಕೆಲಸ ಮುಗಿಸಿ, ತುಪ್ಪ ಹಾಲು ಹಾಕಿಕೊಂಡು ನಾಲ್ಕು ಹೋಳಿಗೆ ತಿಂದು ಮಲಗಿದೆ. ಬೆಳಗ್ಗೆ ಎಚ್ಚರವಾಯಿತು. ಮಗ್ಗುಲಾಗೋಣವೆಂದರೆ ಕಾಲು ಬರಲಿಲ್ಲ. ಜೋಮು ಹಿಡಿದಿರಬೇಕು ಎಂದುಕೊಂಡೆ. ಜೋಮಲ್ಲ, ಮೊಣಕಾಲಿನ ಮೇಲೆ ಸೊಳ್ಳೆ ಕೂತದ್ದು ತಿಳಿಯುತ್ತಿತ್ತು. ಕಚ್ಚಿದ್ದೂ ತಿಳಿಯಿತು. ಓಡಿಸಲು ಕೈ ಎತ್ತೋಣವೆಂದರೆ ಕೈಯೂ ನನ್ನದಾಗಿರಲಿಲ್ಲ. ಅದು ಸಾವಕಾಶವಾಗಿ ಹೊಟ್ಟೆ ತುಂಬ ಕುಡಿದು ತಾನಾಗಿ ಎದ್ದುಹೋಯಿತು.

ನೋವಿಲ್ಲ, ಜ್ವರವಿಲ್ಲ. ಬುದ್ಧಿ ನೆಟ್ಟಗಿದೆ, ಕಣ್ಣು ಕಿವಿ ಎಲ್ಲ ಸರಿಯಿದೆ. ಏಳು ಎಂದು ಮೈಗೆ ಹೇಳಿದರೆ ಆ ಮಾತು ಎಲ್ಲೋ ನಡುವೆ ನಿಂತುಹೋಗುತ್ತದೆ. ನನ್ನ ಮೈಯೊಳಗೇ ನನ್ನನ್ನು ಕೂಡಿ ಹಾಕಿ ಚಿಲಕ ಹಾಕಿದ ಹಾಗೆ. ಅಂಥ ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಲಿಲ್ಲ.

ಅತ್ತೆ ಬಂದು ನೋಡಿದರು. "ನಾನೂ ಈ ಮನೆಗೆ ಸೊಸೆಯಾಗೇ ಬಂದಿದ್ದೆ ಕಣವ್ವ. ಹಬ್ಬದ ಮಾರನೇ ದಿನ ನಂಗೂ ಏಳಾಕೆ ಬ್ಯಾಸರ ಆಗ್ತಿತ್ತು. ಎದ್ದೇಳು," ಎಂದರು. ಏಳಲಾಗುವುದಿಲ್ಲ ಎಂದೆ. ನೀರು ಕೇಳಿದೆ. ಪೂಜೆಯಾಗದೆ ನೀರು ಹೇಗೆ ಕೊಡಲಿ ಎಂದು ಹೋದರು. ನನ್ನ ಲಿಂಗವನ್ನು ನನ್ನ ಪರವಾಗಿ ಇನ್ನೊಬ್ಬರು ಪೂಜಿಸುವ ಪದ್ಧತಿಯಿಲ್ಲ, ನನ್ನ ಅಂಗೈಗೆ ಅದನ್ನು ಹಿಡಿಯುವ ಶಕ್ತಿಯಿಲ್ಲ. ಹಾಗಾಗಿ ಬಾಯಿ ಒಣಗಿಸಿಕೊಂಡು ಬಿದ್ದಿದ್ದೆ. ಹತ್ತು ಗಂಟೆಯ ಹೊತ್ತಿಗೆ ಕಾಲಿನ ಹೆಬ್ಬೆರಳು ಅಲುಗಿತು. ಆಮೇಲೆ ಪಾದ, ಆಮೇಲೆ ಮೊಣಕಾಲು. ಹನ್ನೆರಡಕ್ಕೆ ಎದ್ದು ಮಿಂದು ಪೂಜೆ ಮಾಡಿ ಒಲೆ ಮುಂದೆ ಕೂತೆ. ಅದೇ ನನಗೆ ಮುಳುವಾಯಿತು. ಹಾಗೇ ಮಲಗಿದ್ದಿದ್ದರೆ ಯಾರಾದರೂ ಅಯ್ಯೋ ಎನ್ನುತ್ತಿದ್ದರು.

ಅಲ್ಲಿಂದ ಮುಂದೆ ಪ್ರತಿ ಹಬ್ಬಕ್ಕೂ ಆಗುತ್ತಿರಲಿಲ್ಲ, ಆದರೆ ಯಾವುದಕ್ಕೆ ಆಗುತ್ತದೋ ಹೇಳುವ ಹಾಗಿರಲಿಲ್ಲ. ಯಜಮಾನರು ನಂಬಿದರೋ ಇಲ್ಲವೋ, ಕನಿಕರಪಟ್ಟರು. ಗೌರಿ ಹಬ್ಬದ ಮರುದಿನ ನಾನು ಬಿದ್ದಾಗ ನಮ್ಮ ಬೀದಿಯ ಕಾಂಪೌಂಡರನ್ನು ಕರೆತಂದರು. ಕಾಂಪೌಂಡರು ನಾಡಿ ಹಿಡಿದು, ನಿತ್ರಾಣ, ಗ್ಲೂಕೋಸ್ ಏರಿಸಬೇಕು ಎಂದರು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಚಿಕಿತ್ಸೆ ಇರಲಿಲ್ಲ. ಗೋಡೆಯ ಗೂಟಕ್ಕೆ ಬಾಟಲಿ ತೂಗಿಬಿಟ್ಟರೆ ನೋಡಲು ಅಕ್ಕಪಕ್ಕದವರೆಲ್ಲ ಬರುತ್ತಿದ್ದರು. ಪೂಜೆಯಾಗಿಲ್ಲವಲ್ಲ ಎಂದು ಅತ್ತೆ ತಕರಾರು ತೆಗೆದರು. ಅದು ಬಾಯಿಗಲ್ಲ, ನರಕ್ಕೆ ಎಂದು ಮಗ ವಾದ ಮಾಡಿ ಗೆದ್ದರು. ನನ್ನ ಬದುಕಿನಲ್ಲಿ ನನ್ನ ಪರವಾಗಿ ಅವರು ಗೆದ್ದ ಮೊದಲ ಜಗಳ ಅದು. ಬಾಟಲಿ ಮುಗಿಯುವ ಹೊತ್ತಿಗೆ ನನ್ನ ಕತ್ತೂ ಆಡದಾಯಿತು. ಏಳುವಾಗ ದೀಪ ಹಚ್ಚುವ ಹೊತ್ತು. ಗ್ಲೂಕೋಸಿಗೂ ಜಗ್ಗದ ನಿತ್ರಾಣ ಎಂಥದು ಎಂದು ಬೀದಿಯಲ್ಲಿ ಮಾತಾಯಿತು. ಕೆಲವರು ಗಾಳಿ ಸೋಂಕು ಎಂದರು, ಉಳಿದವರು ನಾಟಕ ಎಂದರು. ನಮ್ಮತ್ತೆ ಉಳಿದವರ ಪೈಕಿ.

ಒಮ್ಮೆ ತಮ್ಮನ ಮದುವೆ ಮುಗಿಸಿ ನ್ಯಾಮತಿಯಿಂದ ಒಬ್ಬಳೇ ವಾಪಸ್ ಬರುತ್ತಿದ್ದೆ. ಹೊನ್ನಾಳಿಯಲ್ಲಿ ಇಳಿದು ಚನ್ನಗಿರಿ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತೆ. ಬಸ್ಸು ಬಂತು, ಏಳಲು ಹೋದೆ, ಸೊಂಟದಿಂದ ಕೆಳಗೆ ಜೀವವೇ ಇಲ್ಲ. ಜನ ಹತ್ತಿದರು, ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಸುತ್ತ ಅಷ್ಟು ಜನ, ಯಾರಿಗೆ ಏನೆಂದು ಹೇಳಲಿ? ಸೆರಗು ಜಾರಿದ್ದು ಸರಿಮಾಡಿಕೊಳ್ಳಲೂ ಆಗದೆ ಕಣ್ಣು ಕೆಳಗೆ ಮಾಡಿ ಕೂತಿದ್ದೆ. ಎದುರಿಗೆ ಎಳನೀರು ಮಾರುತ್ತಿದ್ದ ಹೆಂಗಸು ಎದ್ದುಬಂದು, ಮೊದಲು ನನ್ನ ಸೆರಗು ಸರಿಮಾಡಿದಳು. ಏನು ಎತ್ತ ಎಂದು ಕೇಳಲಿಲ್ಲ. ಬಸುರಿ ಎಂದುಕೊಂಡಳೋ ಏನೋ, ಎಳನೀರು ಕೆತ್ತಿ ಬಾಯಿಗೆ ಹಿಡಿದಳು. ಒಂದಾದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಸ್ವಲ್ಪ ಹೊತ್ತಿಗೆ ಕಾಲಿಗೆ ನೆಲ ತಿಳಿಯಿತು, ಮಧ್ಯಾಹ್ನದ ಬಸ್ಸಿಗೆ ಅವಳೇ ರಟ್ಟೆ ಹಿಡಿದು ಹತ್ತಿಸಿದಳು. ಅವಳ ಹೆಸರನ್ನೂ ಕೇಳದೆ ಬಂದುಬಿಟ್ಟೆನಲ್ಲ ಎಂದು ಈಗಲೂ ಬೇಜಾರಾಗುತ್ತದೆ.

ಮುಂದಿನ ವರ್ಷ ಸುಮ ಹುಟ್ಟಿದಳು. ಬಾಣಂತನವೆಲ್ಲ ಸುಸೂತ್ರವಾಯಿತು. ಇನ್ನು ಆ ಪೀಡೆ ತೊಲಗಿತು ಎಂದೇ ನಂಬಿದೆ. ಮಗುವಿಗೆ ಐದು ತಿಂಗಳಿದ್ದಾಗ ದೀಪಾವಳಿ ಬಂತು.

ಹಬ್ಬದ ಮರುದಿನ ಯಜಮಾನರು ಬೇಗ ಮಂಡಿಗೆ ಹೋಗಿದ್ದರು. ಎಚ್ಚರವಾದಾಗ ನಾನು ಮತ್ತೆ ಆ ಕೋಣೆಯೊಳಗಿದ್ದೆ, ನನ್ನ ಮೈಯೆಂಬ ಆ ಕೋಣೆ. ಸುಮ ನನ್ನ ಎಡಗಡೆ, ಒಂದು ಮೊಳ ದೂರದಲ್ಲಿ ಮಲಗಿದ್ದಳು. ಆಗತಾನೆ ಹೊರಳಲು ಕಲಿತಿದ್ದಳು. ಹೊರಳಿದಳು. ಕೌದಿಯ ಅಂಚು ಅವಳ ಮುಖದ ಮೇಲೆ ಬಿತ್ತು. ಮೊದಲು ಕೈಕಾಲು ಬಡಿದಳು, ಅತ್ತಳು, ಆಮೇಲೆ ಕೌದಿಯೊಳಗಿಂದ ಅಳು ಸಣ್ಣದಾಗುತ್ತ ಬಂತು. ಒಂದು ಮೊಳ. ನಾನು ಒಂದೇ ಒಂದು ಕೈ ಬೀಸಿದ್ದರೆ ಸಾಕಿತ್ತು. ಅತ್ತೆಯನ್ನು ಕೂಗಿದೆ. ಕತ್ತಿನವರೆಗೂ ಹಿಡಿದಿದ್ದರಿಂದ ದನಿ ಏಳುತ್ತಿರಲಿಲ್ಲ, ಆದರೂ ಬಚ್ಚಲಲ್ಲಿದ್ದವರಿಗೆ ಕೇಳಿಸುವಷ್ಟಿತ್ತು. ಯಾರೂ ಬರಲಿಲ್ಲ. ಮತ್ತೆ ಕೂಗಿದೆ. ಮಗುವಿನ ಅಳು ನಿಂತಿತು.

ಅಳು ನಿಂತದ್ದಕ್ಕೇ ಅತ್ತೆ ಬಂದರು. ಕೌದಿ ಕಿತ್ತೆಸೆದು ಮಗುವನ್ನು ಎತ್ತಿ ಬೆನ್ನಿಗೆ ಬಡಿದರು. ಅದು ಒಮ್ಮೆ ಬಿಕ್ಕಿ, ಕೆಂಪಗಾಗಿ, ಚೀರಿತು. ಆ ಚೀರಾಟ ಕೇಳಿ ನನ್ನ ಕಣ್ಣಲ್ಲಿ ನೀರು ಇಳಿದು ಎರಡೂ ಕಿವಿಯೊಳಗೆ ಹೋಯಿತು, ಒರೆಸಿಕೊಳ್ಳಲಾಗಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತ ನಿಂತರು. ಕೂಸು ಉಸಿರುಗಟ್ಟುವಾಗ ನಾಟಕ ಆಡುವ ತಾಯಿ ಇರುವುದಿಲ್ಲ ಎಂದು ಅವರಿಗೆ ಆ ಕ್ಷಣ ತಿಳಿಯಿತು, ಅದು ನನಗೂ ತಿಳಿಯಿತು. ಮೂರು ವರ್ಷ ನಂಬಲಿ ನಂಬಲಿ ಎಂದು ಬೇಡಿಕೊಂಡಿದ್ದೆ. ಕೊನೆಗೂ ನಂಬಿದರು. ನಂಬಿದ್ದರಿಂದಲೇ ನನ್ನ ಮಗುವನ್ನು ಕಿತ್ತುಕೊಂಡರು.

ಅವರ ಲೆಕ್ಕ ನೇರವಾಗಿತ್ತು. ಇವಳಿಗೆ ನಿಜವಾಗಿಯೂ ಕಾಯಿಲೆಯಿದೆ. ಯಾವ ಬೆಳಗ್ಗೆ ಬೀಳುತ್ತಾಳೋ ಗೊತ್ತಿಲ್ಲ. ಇವಳ ಪಕ್ಕ ಕೂಸನ್ನು ಮಲಗಿಸುವ ಹಾಗಿಲ್ಲ. ಯಜಮಾನರ ಅಕ್ಕ ಮಂಗಳಕ್ಕನನ್ನು ಜಗಳೂರಿಗೆ ಕೊಟ್ಟಿತ್ತು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹೇಳಿಕಳಿಸಿದ ಮೂರನೇ ದಿನಕ್ಕೆ ಬಂದರು. ಹುಷಾರಾದ ಮೇಲೆ ಕರೆದುಕೊಂಡು ಬಾ ಎಂದು ಅತ್ತೆ ನನಗೆ ಹೇಳಿದರು. ಹುಷಾರು ಎಂದರೆ ಎಂಥದು, ಯಾರು ನಿರ್ಧರಿಸುವುದು, ನಾನು ಕೇಳಲಿಲ್ಲ. ಕೇಳಲು ಬಾಯಿರಲಿಲ್ಲ, ಅವರು ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ. ಮಗುವನ್ನು ಕರೆದೊಯ್ದ ಬಸ್ಸು ಹೋದ ಮೇಲೆ ಎದೆಯಲ್ಲಿ ಹಾಲು ಕಟ್ಟಿ ನಾಲ್ಕು ದಿನ ಜ್ವರ ಬಂತು. ಆ ಜ್ವರವನ್ನು ಎಲ್ಲರೂ ನಂಬಿದರು.

ಆಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಬೇಗ ಹುಷಾರಾಗಬೇಕು, ಮಗುವನ್ನು ತರಬೇಕು ಎಂಬ ಆತುರಕ್ಕೆ ಕಾಂಪೌಂಡರು ಹೇಳಿದಂತೆ ಗ್ಲೂಕೋಸ್ ಪುಡಿ ತರಿಸಿದೆ. ಪೂಜೆಯಾದ ಕೂಡಲೇ ಒಂದು ಲೋಟ, ಸಂಜೆ ಒಂದು ಲೋಟ. ಸಾಲದ್ದಕ್ಕೆ ಬೆಲ್ಲದ ಪಾನಕ. ಶಕ್ತಿ ಬರಲಿ ಎಂದು ಕುಡಿಯುತ್ತಿದ್ದೆ, ಬೀಳುವುದು ಹೆಚ್ಚಾಯಿತು. ಹಬ್ಬದ ಹಂಗೂ ಬಿಟ್ಟು ವಾರಕ್ಕೊಮ್ಮೆ ಹಿಡಿಯತೊಡಗಿತು. ಬಿದ್ದಷ್ಟೂ ಹೆಚ್ಚು ಕುಡಿದೆ. ನನ್ನ ಕೈಯಿಂದಲೇ ನನ್ನ ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದೇನೆ ಎಂದು ಯಾರಿಗೆ ಗೊತ್ತಿತ್ತು?

ಒಂದು ಬೆಳಗ್ಗೆ ಉಸಿರು ಮೇಲಕ್ಕೆ ಬರುವುದೇ ಕಷ್ಟವಾಯಿತು. ಕಾಂಪೌಂಡರು ಬಾಟಲಿ ತಂದರು, ನನ್ನ ಮುಖ ನೋಡಿದವರೇ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು, ದಾವಣಗೆರೆಗೆ ಹೊರಡಿರಿ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದು ಅವರು ನನಗೆ ಮಾಡಿದ ದೊಡ್ಡ ಉಪಕಾರ. ಮಂಡಿಯವರ ಜೀಪಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದರು. ತಲೆ ಅತ್ತೆಯ ತೊಡೆಯ ಮೇಲೆ. ಗುಂಡಿ ಬಂದಾಗಲೆಲ್ಲ ನನ್ನ ಕತ್ತು ಆ ಕಡೆ ಈ ಕಡೆ ಬೀಳುತ್ತಿತ್ತು, ಅತ್ತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ಗಾಲಿಮಂಚದ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದರು. ಅಲ್ಲಿ ತೊಲೆಗಳಿಲ್ಲ, ಸುಣ್ಣ ಉದುರಿದ ತಾರಸಿ. ಬಂದವರೆಲ್ಲ ನನ್ನ ಕಾಲು ಎತ್ತಿ ಬಿಟ್ಟು ನೋಡುತ್ತಿದ್ದರು, ಅದು ದಿಮ್ಮಿಯಂತೆ ಬೀಳುತ್ತಿತ್ತು. ಒಬ್ಬ ನರ್ಸ್ ಮಾತ್ರ ಎತ್ತಿದ ಕಾಲನ್ನು ಬಿಡದೆ ಮೆಲ್ಲಗೆ ಕೆಳಗಿಟ್ಟಳು. ವಯಸ್ಸಾದ ಡಾಕ್ಟರೊಬ್ಬರು ಬಂದು, ಹಿಂದಿನ ದಿನ ಏನು ತಿಂದೆ ಎಂದು ಕೇಳಿದರು. ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ರಕ್ತ ತೆಗೆಸಿದರು, ಎದೆಗೆ ತಂತಿ ಹಚ್ಚಿ ನೋಡಿದರು. ಆಮೇಲೆ ಒಂದು ಲೋಟದಲ್ಲಿ ಏನೋ ತರಿಸಿ ಚಮಚೆಯಲ್ಲಿ ಕುಡಿಸಲು ಹೇಳಿದರು. ಗಂಟಲು ಉರಿಯುವಷ್ಟು ಉಪ್ಪು, ಕಹಿ. ಪೂಜೆಯಾಗಿಲ್ಲ ಎಂದು ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತಾವೇ ಚಮಚೆ ಇಸಿದುಕೊಂಡು ಕುಡಿಸಿದರು.

ಎರಡು ಗಂಟೆಯೊಳಗೆ ಬೆರಳು ಮಡಚಿದೆ. ಸಂಜೆ ಡಾಕ್ಟರು ಬಂದು ಮಂಚದ ಅಂಚಿನಲ್ಲಿ ಕೂತು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಮೈಯೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆಗಿದೆ. ಒಂದೊಂದಕ್ಕೂ ತೆಳ್ಳನೆಯ ಪೊರೆ. ಉಪ್ಪಾಗಲಿ ಸಕ್ಕರೆಯಾಗಲಿ ಆ ಪೊರೆಯನ್ನು ತಾವಾಗಿ ದಾಟಲಾರವು. ಪೊರೆಯಲ್ಲಿ ಪ್ರೋಟೀನಿನಿಂದಾದ ಸಣ್ಣ ದಾರಿಗಳಿವೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಹೊರಗೆ ಕಳಿಸಬೇಕು ಎಂಬುದು ಅವುಗಳ ಕೆಲಸ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣವಿದೆ. ಸಿಹಿ ತಿಂದಾಗ ಅದು ಸಕ್ಕರೆಯ ಜೊತೆಜೊತೆಗೇ ರಕ್ತ ಬಿಟ್ಟು ಜೀವಕೋಶದ ಒಳಕ್ಕೆ ಹೋಗುತ್ತದೆ. ಎಲ್ಲರಲ್ಲೂ ಹೋಗುತ್ತದೆ, ಅವರ ಸ್ನಾಯುಗಳು ತಡೆದುಕೊಳ್ಳುತ್ತವೆ. ನನ್ನ ಸ್ನಾಯುವಿನ ಪೊರೆಯಲ್ಲಿ ಯಾವುದೋ ಒಂದು ದಾರಿ ಸರಿಯಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯಿತೆಂದರೆ ಸ್ನಾಯು ಮಾತು ಕೇಳುವುದನ್ನೇ ಬಿಡುತ್ತದೆ. ಯಾವ ದಾರಿ, ಅದರಲ್ಲಿ ಏನು ದೋಷ ಎಂದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದರು. ಎಷ್ಟೋ ಸಲ ಇದು ತಂದೆ ತಾಯಿಯಿಂದ ಬರುತ್ತದೆ ಎಂದೂ ಹೇಳಿದರು. ನನಗೆ ಅಪ್ಪನ ಕಾಲುಗಳು ನೆನಪಾದವು.

"ಕಾಜಾ ಕೆಟ್ಟಂಗೆ," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆಗಷ್ಟೇ ಜೀವ ಬಂದಿದ್ದ ಬೆರಳು ಚಾಚಿ ಅವರ ಕೋಟಿನ ಗುಂಡಿ ತೂರಿದ್ದ ಸೀಳನ್ನು ಮುಟ್ಟಿ ತೋರಿಸಿದೆ. ಅಂಗಿ ಚೆನ್ನಾಗೇ ಇದೆ, ಬಟ್ಟೆ ಚೆನ್ನಾಗೇ ಇದೆ, ಕಾಜಾ ಒಂದು ಕೆಟ್ಟರೆ ತೊಡುವ ಹಾಗಿಲ್ಲ. ಡಾಕ್ಟರು ನಕ್ಕು, ಹಾಗೇ ಅಂದುಕೊಳ್ಳಮ್ಮ ಎಂದರು. ಮೂರು ವರ್ಷದ ಮೇಲೆ ನನ್ನ ಕಾಯಿಲೆ ನನಗೆ ಅರ್ಥವಾಗುವ ಒಂದು ವಸ್ತುವಾಯಿತು. ಗಾಳಿಯಲ್ಲ, ನಾಟಕವಲ್ಲ, ಒಂದು ಕೆಟ್ಟ ಹೊಲಿಗೆ. ಹೊಲಿಗೆಗೆ ನಾನು ಹೆದರುವವಳಲ್ಲ.

ಬೇಗ ಚೇತರಿಸಿಕೊಳ್ಳುತ್ತಿದ್ದುದು ಯಾವಾಗ ಎಂದು ಡಾಕ್ಟರು ಕೇಳಿದರು. ಯಜಮಾನರು ಯೋಚಿಸಿ ಯೋಚಿಸಿ, ಅವ್ವ ಏನೂ ಕೊಡದೆ ಮಲಗಿಸಿದಾಗ ಎಂದರು. ಡಾಕ್ಟರು ಅತ್ತೆಯ ಕಡೆ ತಿರುಗಿ, ನಿಮ್ಮ ಹಟದಿಂದ ಇವಳು ಎಷ್ಟೋ ಸಲ ಉಳಿದುಕೊಂಡಿದ್ದಾಳೆ, ಪ್ರೀತಿಯಿಂದ ಕೊಟ್ಟ ಗ್ಲೂಕೋಸೇ ಕೆಡಿಸಿದ್ದು ಎಂದರು. ಬೇರೆ ಯಾರಾದರೂ ಆಗಿದ್ದರೆ ಬೀಗುತ್ತಿದ್ದರು. ಅತ್ತೆ ತಲೆ ಬಗ್ಗಿಸಿದರು.

"ನಾನು ಕೊಡದೆ ಇದ್ದದ್ದು ಇವಳ ಮ್ಯಾಲಿನ ಕನಿಕರಕ್ಕಲ್ಲ ಸ್ವಾಮಿ," ಎಂದರು. "ಅವತ್ತು ಕೂಸು ಅಳುವಾಗ ಇವಳು ಕೂಗಿದ್ದು ನಂಗೆ ಕೇಳಿಸಿತ್ತು. ನಾಟಕ ಅಂತ ಕುಂತೇ ಇದ್ದೆ."

ಆ ಮಾತನ್ನು ನಾನು ಪೂರ್ತಿ ಕ್ಷಮಿಸಿದ್ದೇನೆ ಎಂದು ಇವತ್ತಿಗೂ ಹೇಳಲಾರೆ. ಆದರೆ ಕೇಳದವರ ಮುಂದೆ, ಕೇಳದೆ ಇದ್ದ ಪ್ರಶ್ನೆಗೆ, ತಮ್ಮ ತಪ್ಪನ್ನು ಹಾಗೆ ಎತ್ತಿಟ್ಟವರನ್ನು ನಾನು ಬೇರೆ ಕಂಡಿಲ್ಲ.

ಔಷಧಿ, ಪಥ್ಯ ಬರೆದುಕೊಟ್ಟರು. ಸಿಹಿ ಮುಟ್ಟುವ ಹಾಗಿಲ್ಲ, ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವ ಹಾಗಿಲ್ಲ, ಮಷಿನ್ ಒಂದೇ ಸಮ ತುಳಿಯುವ ಹಾಗಿಲ್ಲ. ಎಳನೀರು ಕುಡಿಯಬಹುದು, ಅದರಲ್ಲಿ ಆ ಲವಣವಿದೆ ಎಂದರು. ಹೊನ್ನಾಳಿಯ ಹೆಂಗಸಿಗೆ ಗೊತ್ತಿಲ್ಲದೆ ಗೊತ್ತಿತ್ತು. ಮೂರು ತಿಂಗಳಾದವು, ಹಬ್ಬಗಳು ಬಂದುಹೋದವು, ನಾನು ಬೀಳಲಿಲ್ಲ. ಶಿವರಾತ್ರಿಯಲ್ಲಂತೂ ಉಪವಾಸ, ಬೀಳಲು ಆಸ್ಪದವೇ ಇರಲಿಲ್ಲ. ಹೋಗಿ ಮಗುವನ್ನು ತರೋಣ ಎಂದು ಅತ್ತೆಯೇ ಹೊರಟರು.

ಜಗಳೂರಿಗೆ ನಾವು ಮುಟ್ಟಿದಾಗ ಸುಮ ಅಂಗಳದಲ್ಲಿ ಕುರಿಮರಿಯೊಂದನ್ನು ಹಿಡಿಯಲು ಅಂಬೆಗಾಲಿಕ್ಕುತ್ತಿದ್ದಳು. ನನ್ನನ್ನು ನೋಡಿ ಅತ್ತಳು. ಮಂಗಳಕ್ಕನ ಸೀರೆ ಹಿಡಿದು ಅವ್ವ ಎಂದಳು. ಅದು ಕೇಳಿ ನನಗೂ ಕಷ್ಟವಾಯಿತು, ಮಂಗಳಕ್ಕನಿಗೂ ಆಯಿತು ಎಂದು ಅವರ ಮುಖದಲ್ಲಿ ಕಂಡೆ. ಅವರನ್ನು ಕೆಟ್ಟವರೆಂದು ಬರೆದರೆ ನನ್ನ ಕೈ ಬಿದ್ದುಹೋಗಲಿ. ಒಂಬತ್ತು ವರ್ಷ ಬರಿದಾಗಿದ್ದ ಮಡಿಲಲ್ಲಿ ನನ್ನ ಮಗುವನ್ನು ಇಟ್ಟು ಬೆಳೆಸಿದ್ದರು.

ಊಟಕ್ಕೆ ಕೂತೆವು. ಹೋಳಿಗೆ ಮಾಡಿದ್ದರು. ಬೇಡ ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ. ಮಂಗಳಕ್ಕ ನನ್ನ ಕೈ ಸರಿಸಿ ಮೂರು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದರು.

"ಹುಷಾರಾಗೀನಿ ಅಂತ ಕೂಸು ಕರಕಂಡು ಹೋಗಾಕೆ ಬಂದೀಯ," ಎಂದರು. "ಹುಷಾರಾದೋಳಿಗೆ ಮೂರು ಹೋಳಿಗೆ ಏನು ಮಾಡ್ತಾವೆ? ತಿನ್ನಾಕೆ ಆಗಲ್ಲ ಅಂದ್ರೆ ಇನ್ನೂ ಕಾಯಿಲೆ ಐತೆ ಅಂತ ಅಲ್ಲೇನು?"

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ತಿಂದರೆ ನಾಳೆ ಬೆಳಗ್ಗೆ ಈ ಮನೆಯಲ್ಲೇ, ಇವರ ಕಣ್ಣೆದುರೇ ಬೀಳುತ್ತೇನೆ, ಮಗು ಇಲ್ಲೇ ಉಳಿಯುತ್ತದೆ. ತಿನ್ನದಿದ್ದರೆ ಕಾಯಿಲೆಯವಳು, ಆಗಲೂ ಮಗು ಇಲ್ಲೇ ಉಳಿಯುತ್ತದೆ. ಜೊತೆಗೆ ಬಡಿಸಿದ ಪ್ರಸಾದವನ್ನು ತಟ್ಟೆಯಲ್ಲಿ ಬಿಡುವುದುಂಟೆ, ಅದೂ ಅತ್ತೆ ಪಕ್ಕದಲ್ಲಿ ಕೂತಿರುವಾಗ. ಒಂದು ತುಂಡು ಮುರಿದು ತುಪ್ಪದಲ್ಲಿ ಅದ್ದಿದೆ. ಕೈಕಾಲು ಆಡುತ್ತಿದ್ದವು, ಆದರೂ ನಾನು ಮತ್ತೆ ತೊಲೆಗಳ ಕೆಳಗೇ ಇದ್ದೆ.

ಅತ್ತೆ ತಮ್ಮ ತಟ್ಟೆಯಿಂದ ಕೈ ಎತ್ತಿ ನನ್ನ ತಟ್ಟೆಗೆ ಹಾಕಿದರು. ನಾನು ಮುರಿದಿದ್ದ ತುಂಡನ್ನು ತೆಗೆದು ಬಾಯಿಗಿಟ್ಟುಕೊಂಡರು. ಸೊಸೆಯ ಎಂಜಲು. ಇನ್ನೊಬ್ಬರ ಕೈ ತಗುಲಿದ ನೀರಿನ ಲೋಟವನ್ನೂ ಮುಟ್ಟದವರು ಅವರು. ಮಂಗಳಕ್ಕನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಹಾಗೇ ನಿಂತಿತು. ಅತ್ತೆ ಯಾರ ಮುಖವನ್ನೂ ನೋಡದೆ ಆ ಹೋಳಿಗೆ ಮುಗಿಸಿದರು, ಎರಡನೆಯದು ಮುಗಿಸಿದರು. ಅರವತ್ತು ದಾಟಿದ ಹೆಂಗಸು, ತಮ್ಮ ಪಾಲಿನದನ್ನು ಆಗಲೇ ಉಂಡಿದ್ದವರು. ಮೂರನೆಯದಕ್ಕೆ ಕಷ್ಟವಾಯಿತು, ನಡುನಡುವೆ ನೀರು ಕುಡಿದು ನುಂಗಿದರು. ಕೊನೆಗೆ ನನ್ನ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತುಪ್ಪದ ಜಿಡ್ಡು ತೊಳೆದು, ಎತ್ತಿ ಕುಡಿದರು.

"ಪ್ರಸಾದ ಖಾಲಿ ಆತು," ಎಂದು ಮಗಳಿಗೆ ಹೇಳಿದರು. "ಅವಳ ತಾವ ಕೂಸು ಬಿಡಬ್ಯಾಡ ಅಂದೋಳು ನಾನೇ, ಈಗ ಬಿಡು ಅನ್ನೋಳೂ ನಾನೇ. ಅದರ ಬಟ್ಟೆ ಕಟ್ಟು ಮಂಗಳ."

ಮಂಗಳಕ್ಕ ಒಳಗೆ ಹೋದರು. ಬಟ್ಟೆ ಕಟ್ಟಲು ಬಹಳ ಹೊತ್ತು ಹಿಡಿಯಿತು. ಬಸ್ಸಿನಲ್ಲಿ ಸುಮ ದಾವಣಗೆರೆಯವರೆಗೂ ಅತ್ತಳು, ಆಮೇಲೆ ನನ್ನ ತೋಳಿನ ಮೇಲೆ ನಿದ್ದೆ ಹೋದಳು. ಅತ್ತೆಗೆ ಎರಡು ದಿನ ಹೊಟ್ಟೆ ಸರಿಯಿರಲಿಲ್ಲ. ಇಂದಿಗೂ ಶಾಲೆಗೆ ರಜೆ ಬಂದರೆ ಸುಮ ಜಗಳೂರಿಗೆ ಹೋಗುತ್ತಾಳೆ, ಸೋದರತ್ತೆಯಾದರೂ ಮಂಗಳಕ್ಕನನ್ನು ದೊಡ್ಡವ್ವ ಎನ್ನುತ್ತಾಳೆ.

ಆಮೇಲೂ ನಾನು ಬಿದ್ದಿದ್ದೇನೆ, ವರ್ಷಕ್ಕೆ ಒಂದು ಸಲ, ಎರಡು ಸಲ. ಆದರೆ ಒಬ್ಬಳೇ ಬಿದ್ದಿಲ್ಲ. ಜಗಳೂರಿನಿಂದ ಬಂದ ಮೇಲೆ ಹಬ್ಬದ ಮರುದಿನ ಬೆಳಗಾಗುತ್ತಲೇ ಅತ್ತೆ ನನ್ನ ಕಾಲ ಬಳಿ ಬಂದು ಕೂರುವುದನ್ನು ರೂಢಿ ಮಾಡಿಕೊಂಡರು. "ಹೆಬ್ಬೆಟ್ಟು ಆಡ್ಸು ನೋಡಾನ," ಎನ್ನುತ್ತಿದ್ದರು. ಆಡಿದರೆ ಎದ್ದು ಹೋಗುತ್ತಿದ್ದರು. ಆಡದಿದ್ದರೆ ಔಷಧಿ ಕುಡಿಸಿ ಅಲ್ಲೇ ಕೂತು, ನನಗೆ ಇಷ್ಟವಿರಲಿ ಬಿಡಲಿ, ಬೀದಿಯ ಸುದ್ದಿಯೆಲ್ಲ ಹೇಳುತ್ತಿದ್ದರು.

ಇದು ತಂದೆ ತಾಯಿಯಿಂದ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಮರೆತಿರಲಿಲ್ಲ. ಆದರೆ ಮನೆಯಲ್ಲಿ ಆ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ, ಅತ್ತೆಗೆ ಅದು ನೆನಪಿಲ್ಲ ಎಂದೇ ತಿಳಿದಿದ್ದೆ. ಈ ವರ್ಷ ಸುಮಳಿಗೆ ಹತ್ತು ತುಂಬಿತು. ಯುಗಾದಿಯ ದಿನ ಬೀದಿಯೆಲ್ಲ ಕುಣಿದು ಬಂದು, ನಾನು ಬೇಡವೆಂದರೂ ಮೂರು ಹೋಳಿಗೆ ತಿಂದು ಮಲಗಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೇ ನನಗೆ ಎಚ್ಚರವಾಯಿತು. ನನ್ನ ಕಾಲು ಆಡಿದವು. ಎದ್ದು ಅವಳ ಹಾಸಿಗೆಯ ಹತ್ತಿರ ಹೋದೆ.

ಅತ್ತೆ ಆಗಲೇ ಅಲ್ಲಿ ಕೂತಿದ್ದರು. ಮೊಮ್ಮಗಳ ಬಲಗಾಲು ಅವರ ಮಡಿಲಲ್ಲಿತ್ತು.

"ಆಡ್ಸಿದ್ಲು," ಎಂದರು, ನನ್ನ ಕಡೆ ತಿರುಗದೆ. "ಹೋಗು, ಪೂಜೆ ಮಾಡ್ಕ."

ನಾನು ಹೋಗಲಿಲ್ಲ. ಇನ್ನೊಂದು ಕಾಲಿನ ಹತ್ತಿರ ಕೂತೆ.